ಬೇಸಿಗೆಯ ದೀರ್ಘ ಓಟದಲ್ಲಿ ಗೆಳೆಯರ ವೇಗ ಹಿಡಿಯಲಾಗುತ್ತಿಲ್ಲ, ಅವರಿಗೆ ಹೇಗೆ ಹೇಳಲಿ?

ಐದನೆಯವಳು:

ನಾವು ಐವರು ಒಟ್ಟಿಗೆ ಓಡುತ್ತೇವೆ. ಸಾಲಿನಲ್ಲಿ ಕೊನೆಯವಳು ನಾನು, ಅದಕ್ಕೇ ಈ ಹೆಸರು. ವಯಸ್ಸು 44, ತೂಕ 60 ಕಿಲೋ. ಎರಡು ಹಾಫ್ ಮ್ಯಾರಥಾನ್ ಮುಗಿಸಿದ್ದೇನೆ, 42.195 ಕಿ.ಮೀ. ಇದೇ ಮೊದಲು. ಸ್ಪರ್ಧೆಗೆ ಇನ್ನೂ 13 ವಾರಗಳಿವೆ. ಆ ಹೊತ್ತಿಗೆ ಹವೆ ತಂಪಾಗಿರುತ್ತದೆ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಸರಿ, ಆದರೆ ತರಬೇತಿಯಷ್ಟೂ ಬೇಸಿಗೆಯಲ್ಲೇ ಆಗಬೇಕಲ್ಲ!

ಐದು ವಾರಗಳ ಹಿಂದೆ, ಸೆಕೆ ಇನ್ನೂ ಏರದಿದ್ದಾಗ, ಕಿಲೋಮೀಟರಿಗೆ 6 ನಿಮಿಷ 15 ಸೆಕೆಂಡಿನಂತೆ 18 ಕಿ.ಮೀ. ಹರಟುತ್ತಲೇ ಓಡಿದ್ದೆ. ಹೃದಯ ಬಡಿತ 148ರ ಆಸುಪಾಸಿನಲ್ಲಿತ್ತು. ಕಳೆದ ಭಾನುವಾರ ಅದೇ ವೇಗದಲ್ಲಿ 24 ಕಿ.ಮೀ. ಓಡಲು ಹೊರಟೆವು. ಹತ್ತನೆಯ ಕಿಲೋಮೀಟರಿಗೇ ಬಡಿತ 165, ಹದಿನೇಳಕ್ಕೆ 176. ಮೊದಲು ಮಾತು ನಿಂತಿತು, ಆಮೇಲೆ ಕಾಲೂ ನಿಂತಿತು. ಉಳಿದದ್ದನ್ನು ನಡೆದೆ.

ನಮ್ಮಲ್ಲಿ ಒಬ್ಬ ಗಡಿಯಾರದವನಿದ್ದಾನೆ. ಪ್ರತಿ ಕಿಲೋಮೀಟರಿಗೂ ಅವನ ಮಣಿಕಟ್ಟು ಕೂಗುತ್ತದೆ, ಐದು ಸೆಕೆಂಡು ತಡವಾದರೂ ಅವನು ತಿರುಗಿ ನೋಡುತ್ತಾನೆ. ಕೆಟ್ಟವನಲ್ಲ. ನಾನು ಓಡಲು ಶುರುಮಾಡಿದ್ದೇ ಅವನ ಒತ್ತಾಯದಿಂದ. ಆದರೆ "ವೇಗ ಬಿಟ್ಟರೆ ತರಬೇತಿ ಬಿಟ್ಟಂತೆ" ಎನ್ನುವುದು ಅವನ ಒಂದೇ ಮಾತು.

ಇನ್ನೊಂದು ಸಂಗತಿ. ಸುಮಾರು 21ನೆಯ ಕಿಲೋಮೀಟರಿನಲ್ಲಿ, ನಡೆಯುತ್ತಿದ್ದ ನನಗೇ ನಾಲ್ಕನೆಯ ಗೆಳತಿ ಸಿಕ್ಕಿಬಿಟ್ಟಳು. ರಸ್ತೆ ಬದಿಯಲ್ಲಿ ನಿಂತಿದ್ದಳು, ಅಷ್ಟು ಸೆಕೆಯಲ್ಲಿ ಚಳಿ ಎಂದಳು, ತೋಳಿನ ಕೂದಲು ನಿಮಿರಿತ್ತು. ಗಾಡಿಯ ಕೀಲಿ ಎಲ್ಲಿ ಎಂದು ಕೇಳಿದರೆ ತನ್ನ ಮಗನ ಪರೀಕ್ಷೆಯ ವಿಷಯ ಹೇಳಿದಳು. ನೆರಳಿನಲ್ಲಿ ಕೂರಿಸಿ ತಲೆಗೆ ನೀರು ಹಾಕಿದೆ, ಅರ್ಧ ಗಂಟೆಗೆ ಸರಿಹೋದಳು. ಬೆಳಿಗ್ಗೆ ಸರಿಯಾಗಿ ತಿಂದಿಲ್ಲ, ಅಷ್ಟೇ ಎಂದು ಗಡಿಯಾರದವನು ತೀರ್ಪು ಕೊಟ್ಟ. ಆಮೇಲೆ ಆ ಮಾತನ್ನು ಯಾರೂ ಎತ್ತಿಲ್ಲ.

ನೀರಿನ ಕೊರತೆ ಎನ್ನೋಣವೆಂದರೆ, ನಾನು ಕಾಲು ಗಂಟೆಗೊಮ್ಮೆ 250 ಮಿ.ಲೀ. ಲೆಕ್ಕ ಹಾಕಿ ಕುಡಿಯುತ್ತೇನೆ. ಹೊಟ್ಟೆಯಲ್ಲಿ ಕುಲುಕುವ ಸದ್ದು ನನಗೇ ಕೇಳಿಸುತ್ತದೆ.

ಐದೇ ವಾರಗಳಲ್ಲಿ ನನ್ನ ಶಕ್ತಿ ಇಷ್ಟು ಇಳಿಯಿತೇ? ನಿಧಾನವಾಗಿ ಓಡಿದರೆ ಅದು ತರಬೇತಿ ಎನಿಸಿಕೊಳ್ಳುತ್ತದೆಯೇ? ಗುಂಪು ಒಡೆಯದ ಹಾಗೆ ಇದನ್ನು ಅವನಿಗೆ ಹೇಳುವುದು ಹೇಗೆ? ಒಬ್ಬಳೇ ಓಡು ಎಂದು ಮಾತ್ರ ಹೇಳಬೇಡಿ. ಬೆಳಗಿನ 4:15ಕ್ಕೆ ನಾನು ಏಳುವುದು ಮ್ಯಾರಥಾನ್‌ಗಾಗಿ ಅಲ್ಲ, ಮೂಲೆಯಲ್ಲಿ ನಾಲ್ವರು ಕಾಯುತ್ತಿರುತ್ತಾರೆ ಎಂದು.

ಹಳೆಯ ಬೂಟು:

ಹದಿನೇಳು ಬೇಸಿಗೆ ಓಡಿದ್ದೇನೆ. ನೀವು ಕೊನೆಯಲ್ಲಿ ಹೇಳಬೇಕಾದದ್ದನ್ನು ನಡುವೆ ತೂರಿಸಿದ್ದೀರಿ, ನಾನು ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ನಿಮ್ಮ ಗೆಳತಿಗೆ ಆದದ್ದು ಉಪವಾಸದ ಸುಸ್ತು ಎಂದು ನಾನು ಒಪ್ಪುವುದಿಲ್ಲ. ಸೆಕೆಯಲ್ಲಿ ಓಡುತ್ತಿರುವವರಿಗೆ ಚಳಿಯಾಗುವುದು ದೇಹ ಸೋಲುತ್ತಿರುವುದರ ಸೂಚನೆ. ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದರೆ ಅದು ಮಿದುಳಿಗೆ ಬಿಸಿ ತಟ್ಟುತ್ತಿರುವ ಸೂಚನೆ. ಒಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿ, ಜೊತೆಗೆ ಮನಸ್ಸು ತಪ್ಪತೊಡಗಿದರೆ ವೈದ್ಯರು ಅದನ್ನು ಶಾಖಾಘಾತ ಎನ್ನುತ್ತಾರೆ. ಅವರ ತಾಪವನ್ನು ಯಾರೂ ಅಳೆದಿಲ್ಲ, ಹಾಗಾಗಿ ಅದೇ ಎಂದು ನಾನು ಹೇಳಲಾರೆ. ಆದರೆ ಅಲ್ಲ ಎನ್ನುವ ಹಕ್ಕು ಗಡಿಯಾರದವನಿಗೂ ಇಲ್ಲ. ಅವರು ವೈದ್ಯರನ್ನು ಕಂಡ ಮೇಲೆಯೇ ಮತ್ತೆ ಓಡಲಿ. ಇನ್ನೊಮ್ಮೆ ಯಾರಿಗಾದರೂ ಹಾಗಾದರೆ ಅರ್ಧ ಗಂಟೆ ಕಾದು ನೋಡಬೇಡಿ. ಆಂಬುಲೆನ್ಸ್ ಕರೆಯಿರಿ, ಅದು ಬರುವವರೆಗೆ ಮೈಯೆಲ್ಲ ತಣ್ಣೀರಿನಲ್ಲಿ ನೆನೆಸಿ ಗಾಳಿ ಬೀಸುತ್ತಿರಿ. ಮುಳುಗಿಸಲು ತೊಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು, ತಲೆ ಮಾತ್ರ ಹಿಡಿದುಕೊಂಡಿರಿ. ಮೊದಲು ತಣಿಸಬೇಕು, ಸಾಗಿಸುವುದು ಆಮೇಲೆ. ಗೊಂದಲದಲ್ಲಿರುವವರ ಬಾಯಿಗೆ ನೀರು ಸುರಿಯಬೇಡಿ.

ಇನ್ನು ನಿಮ್ಮ ವಿಷಯ. ಶಕ್ತಿ ಎಲ್ಲಿಯೂ ಹೋಗಿಲ್ಲ. ನಿಮ್ಮ ಹೃದಯಕ್ಕೆ ಎರಡು ಕೆಲಸ ಬಿದ್ದಿದೆ: ಕಾಲಿಗೂ ರಕ್ತ ಕೊಡಬೇಕು, ಬಿಸಿ ಹೊರಹಾಕಲು ಚರ್ಮಕ್ಕೂ ಕೊಡಬೇಕು. ಬೆವರು ಹರಿದಂತೆ ರಕ್ತದ ನೀರಿನಂಶವೂ ಇಳಿಯುತ್ತದೆ, ಒಂದು ಬಡಿತಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಬಡಿತದ ಸಂಖ್ಯೆ ಏರುತ್ತದೆ. ಗಡಿಯಾರ ನೆಲವನ್ನಷ್ಟೇ ಅಳೆಯುತ್ತದೆ, ಈ ಎರಡನೆಯ ಕೆಲಸ ಅದಕ್ಕೆ ಕಾಣುವುದಿಲ್ಲ.

ಲೆಕ್ಕ ಬೇಕಾದವರಿಗೆ ಲೆಕ್ಕ ಕೊಡೋಣ. ಒಂದು ಕಿಲೋ ತೂಕ ಒಂದು ಕಿಲೋಮೀಟರ್ ಓಡಲು ಸುಮಾರು ಒಂದು ಕಿಲೊಕ್ಯಾಲರಿ ಬೇಕು. ನಿಮಗೆ 24 ಕಿಲೋಮೀಟರಿಗೆ 1,440 ಆಯಿತು. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬರೀ ಬಿಸಿಯಾಗಿ ಹೋಗುತ್ತದೆ, ಸುಮಾರು 1,100 ಎನ್ನಿ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ 580ರಷ್ಟು ಹೊತ್ತೊಯ್ಯುತ್ತದೆ. ಅಂದರೆ ಹೆಚ್ಚುಕಡಿಮೆ ಎರಡು ಲೀಟರ್ ಬೆವರು ಮೈಮೇಲೆಯೇ ಒಣಗಬೇಕು. ಒಣಗಬೇಕು ಎಂಬುದೇ ಮುಖ್ಯ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈ ತಣ್ಣಗಾಗುವುದಿಲ್ಲ. ಗಾಳಿಯಲ್ಲಿ ತೇವ ತುಂಬಿದ ದಿನ ಬೂಟಿನೊಳಗೆ ಪಚಪಚ ಎನ್ನುತ್ತಿದ್ದರೂ ಮೈ ಕುದಿಯುವುದು ಇದರಿಂದಲೇ. 7 ನಿಮಿಷ 15 ಸೆಕೆಂಡಿಗೆ ಇಳಿದರೆ ಒಟ್ಟು ಬಿಸಿ ಅಷ್ಟೇ, ಆದರೆ ನಿಮಿಷಕ್ಕೆ ಹುಟ್ಟುವ ಬಿಸಿ ಏಳನೆಯ ಒಂದು ಪಾಲು ತಗ್ಗುತ್ತದೆ. ಬೆವರಿಗೆ ಕೆಲಸ ಮುಗಿಸಲು ಸಮಯ ಸಿಗುತ್ತದೆ.

ಅವನಿಗೆ ಇದನ್ನೂ ಹೇಳಿ. 2019ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಅನ್ನು ಸೆಕೆಗೆ ಹೆದರಿ ನಡುರಾತ್ರಿ ಇಟ್ಟಿದ್ದರು. ಸೂರ್ಯನೇ ಇಲ್ಲ, ಆದರೂ 30 ಡಿಗ್ರಿ ಮೀರಿದ ತಾಪ, ಜೊತೆಗೆ ವಿಪರೀತ ತೇವ. ಹೊರಟ 68 ಮಂದಿಯಲ್ಲಿ 28 ಮಂದಿ ಮುಗಿಸಲಿಲ್ಲ. ಗೆದ್ದ ಕೀನ್ಯಾದ ರೂತ್ ಚೆಪ್‌ಂಗೆಟಿಚ್ ತೆಗೆದುಕೊಂಡದ್ದು 2 ಗಂಟೆ 32 ನಿಮಿಷ 43 ಸೆಕೆಂಡು. ಅದೇ ವರ್ಷ ಜನವರಿಯಲ್ಲಿ ದುಬೈನಲ್ಲಿ ಆಕೆ 2:17:08ಕ್ಕೆ ಓಡಿದ್ದರು. ಚಿನ್ನ ಗೆದ್ದವರೇ ಹದಿನೈದು ನಿಮಿಷ ಬಿಟ್ಟುಕೊಟ್ಟ ಹವೆಯಲ್ಲಿ ನೀವು ಕಿಲೋಮೀಟರಿಗೆ ಒಂದು ನಿಮಿಷ ಬಿಟ್ಟುಕೊಡಲು ನಾಚಬೇಕೇ?

ಹತ್ತರಿಂದ ಹದಿನಾಲ್ಕು ದಿನ, ದಿನಕ್ಕೆ ಒಂದು ಗಂಟೆಯಷ್ಟು ಸೆಕೆಯಲ್ಲಿ ಹಗುರಾಗಿ ಓಡಿದರೆ ಮೈ ಬಹಳಷ್ಟು ಪಳಗುತ್ತದೆ. ರಕ್ತದ ದ್ರವ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ. ಆಮೇಲೆಯೂ ತಂಪಿನ ದಿನದ ವೇಗ ಪೂರ್ತಿ ಮರಳುವುದಿಲ್ಲ. ಪೂರ್ಣ ವಾಕ್ಯದಲ್ಲಿ ಮಾತನಾಡಲು ಆಗುವಷ್ಟು ಶ್ರಮದಲ್ಲಿ ಓಡಿ, ಸಂಖ್ಯೆ ಏನು ಬಂದರೂ ಬರಲಿ.

ಉಪ್ಪಿನ ಗೆರೆ:

ಅಕ್ಕ, ಆ 250 ಮಿ.ಲೀ. ಲೆಕ್ಕ ನನಗೆ ಹೆದರಿಕೆ ಹುಟ್ಟಿಸಿತು. ಅದು ಗಂಟೆಗೆ ಒಂದು ಲೀಟರ್! ನಿಮ್ಮ ಬೆವರು ಅಷ್ಟು ಹೋಗುತ್ತದೆಯೇ ಎಂದು ನೋಡಿದ್ದೀರಾ? ಓಟಕ್ಕೆ ಮುಂಚೆ ಮೂತ್ರಕ್ಕೆ ಹೋಗಿ ಬಂದು, ಕಡಿಮೆ ಬಟ್ಟೆಯಲ್ಲಿ ತೂಗಿಕೊಳ್ಳಿ. ಬಂದ ಮೇಲೆ ಬೆವರು ಒರೆಸಿ ಮತ್ತೆ ತೂಗಿ. ಇಳಿದ ತೂಕಕ್ಕೆ ಕುಡಿದದ್ದನ್ನು ಸೇರಿಸಿದರೆ ಬೆವರಿನ ಲೆಕ್ಕ ಸಿಗುತ್ತದೆ. ಸ್ವಲ್ಪ ತೂಕ ಇಳಿದಿದ್ದರೆ ಚಿಂತೆಯಿಲ್ಲ. ಏರಿದ್ದರೆ ನೀವು ಅತಿಯಾಗಿ ಕುಡಿಯುತ್ತಿದ್ದೀರಿ ಎಂದೇ ಅರ್ಥ.

2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ 13 ಪ್ರತಿಶತ ಮಂದಿಯಲ್ಲಿ ಸೋಡಿಯಂ, ಅಂದರೆ ರಕ್ತದ ಉಪ್ಪಿನಂಶ, ಕಡಿಮೆ ಇತ್ತು. ಅತಿಯಾಗಿ ಕುಡಿದ ನೀರು ಅದನ್ನು ತೆಳುವಾಗಿಸುತ್ತದೆ. ಓಟದಲ್ಲಿ ತೂಕ ಹೆಚ್ಚಿಸಿಕೊಂಡವರಿಗೆ, ನಾಲ್ಕು ಗಂಟೆ ಮೀರಿ ಓಡಿದವರಿಗೆ ಅಪಾಯ ಹೆಚ್ಚು. ಅಂದರೆ ನಮ್ಮಂಥ ನಿಧಾನಿಗಳಿಗೇ. ಉಪ್ಪು ಬೆರೆಸಿ ಕುಡಿದರೂ ಅತಿಯಾದ ನೀರಿಗೆ ಅದು ಪರಿಹಾರವಲ್ಲ. ಬಾಯಾರಿದಾಗ ಕುಡಿಯಿರಿ, ಉಳಿದದ್ದನ್ನು ತಲೆಗೆ ಸುರಿದುಕೊಳ್ಳಿ.

ಇನ್ನೊಂದು ಮಾತು: ದೀರ್ಘ ಓಟದ ದಿನ ಮಂಡಿನೋವಿಗೆಂದು ಐಬುಪ್ರೊಫೆನ್ ನುಂಗುವ ಅಭ್ಯಾಸ ನಿಮ್ಮ ಗುಂಪಿನಲ್ಲಿ ಯಾರಿಗಾದರೂ ಇದ್ದರೆ ಬಿಡಿಸಿ. ನೀರು ಕಳೆದುಕೊಂಡ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಭಾರ.

ಒಳಾಂಗಣ ಪಕ್ಷ:

ಎಲ್ಲವನ್ನೂ ನಿಧಾನ ಮಾಡಿದರೆ ಸ್ಪರ್ಧೆಯ ದಿನ ಕಾಲಿಗೆ ವೇಗದ ನೆನಪೇ ಇರುವುದಿಲ್ಲ. ವಾರಕ್ಕೊಂದು ದಿನ ಟ್ರೆಡ್‌ಮಿಲ್ ಮೇಲೆ, ಎದುರಿಗೆ ದೊಡ್ಡ ಫ್ಯಾನ್ ಇಟ್ಟುಕೊಂಡು, ನಿಗದಿತ ವೇಗದಲ್ಲಿ ಓಡಿ. ಬೇಸರ ಬರುತ್ತದೆ, ಬರಲಿ.

ಹಳೆಯ ಬೂಟು:

ಒಪ್ಪಿದೆ. ಫ್ಯಾನ್ ಮಾತ್ರ ಮರೆಯಬಾರದು. ಟ್ರೆಡ್‌ಮಿಲ್ ಮೇಲೆ ಓಡುವವನಿಗೆ ತನ್ನ ಓಟದ ಗಾಳಿಯೂ ಸಿಗುವುದಿಲ್ಲ. ಹೊರಗೆ ಬೆನ್ನಗಾಳಿಯಲ್ಲಿ ಓಡುವಾಗಲೂ ಇದೇ ಕಥೆ, ಆದ್ದರಿಂದ ಹೋಗುವಾಗ ಬೆನ್ನಗಾಳಿ, ಬರುವಾಗ ಎದುರುಗಾಳಿ ಆಗುವಂತೆ ದಾರಿ ಆರಿಸಿಕೊಳ್ಳಿ.

ಹಿಂದೆ ತಿರುಗಿ ನೋಡಿದವನು:

ನಾನು ನಮ್ಮ ಗುಂಪಿನ ಗಡಿಯಾರದವನಾಗಿದ್ದೆ, ಆ ಕಡೆಯಿಂದ ಒಂದು ಮಾತು. ನಾನು ಐದು ಸೆಕೆಂಡಿಗೆ ತಿರುಗಿ ನೋಡುತ್ತಿದ್ದದ್ದು ಹಿಂದಿನವರನ್ನು ಗದರಿಸಲು ಅಲ್ಲ. ನಾನೇ ಸಾಯುತ್ತಿದ್ದೆ. ಯಾರಾದರೂ ಸಾಕು ಎಂದರೆ ನಾನೂ ನಿಲ್ಲಬಹುದು ಎಂದು ನೋಡುತ್ತಿದ್ದೆ. ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೀಗೆ ಎರಡು ಬೇಸಿಗೆ ಹಾಳಾದವು.

ವಾದ ಮಾಡಬೇಡಿ, ದಾರಿ ಬದಲಿಸಿ. ಮೂರು ಕಿಲೋಮೀಟರಿನ ಒಂದು ಸುತ್ತು ಗುರುತಿಸಿ, ಶುರುವಾಗುವಲ್ಲಿ ನೀರು, ಮಂಜುಗಡ್ಡೆಯ ಪೆಟ್ಟಿಗೆ, ಒದ್ದೆ ಬಟ್ಟೆ ಇಡಿ. ಪ್ರತಿಯೊಬ್ಬರೂ ತಮ್ಮ ಶ್ರಮದಲ್ಲಿ ಓಡಲಿ. ಮುಂದಿರುವವನು ಸುತ್ತು ಮುಗಿಸಿ ಎರಡು ನಿಮಿಷ ನಿಂತರೆ ಎಲ್ಲರೂ ಬಂದು ಸೇರುತ್ತಾರೆ. ಬಂದವರಿಗೆ ಒಂದು ಪ್ರಶ್ನೆ ಕೇಳಿ, ಸರಿಯಾದ ಉತ್ತರ ಕೊಟ್ಟವರಷ್ಟೇ ಮುಂದಿನ ಸುತ್ತಿಗೆ. ನಾವು ಏಳರ ಮಗ್ಗಿ ಹಿಂದಿನಿಂದ ಹೇಳಿಸುತ್ತಿದ್ದೆವು. ನನಗೆ ಅದು ತಂಪಿನಲ್ಲೂ ಬರುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಐದನೆಯವಳು:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೊದಲು ತೂಕ. 12 ಕಿ.ಮೀ. ಓಡಿ ಬಂದು ತೂಗಿದರೆ 400 ಗ್ರಾಂ ಹೆಚ್ಚಾಗಿದ್ದೆ! ಓಡಿ ದಪ್ಪವಾದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಈಗ ಬಾಯಾರಿದಾಗ ಮಾತ್ರ ಕುಡಿಯುತ್ತೇನೆ, ಕುಲುಕಾಟ ನಿಂತಿದೆ.

ನಾಲ್ಕನೆಯವಳನ್ನು ನಾನೇ ವೈದ್ಯರ ಬಳಿ ಕರೆದುಕೊಂಡು ಹೋದೆ. ಅಲ್ಲಿ ಅವಳು, ಆ ದಿನ 19ನೆಯ ಕಿಲೋಮೀಟರಿನಿಂದ ನೆರಳಿನಲ್ಲಿ ಕೂರುವವರೆಗೆ ಏನೂ ನೆನಪಿಲ್ಲ ಎಂದಳು. ನಮಗೆ ಯಾರಿಗೂ ಹೇಳಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ, ಆದರೂ ಎರಡು ವಾರ ಓಡಬಾರದು ಎಂದರು. ಆ ಎರಡು ಭಾನುವಾರ ಅವಳು ಮಂಜುಗಡ್ಡೆಯ ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಪ್ರಶ್ನೆ ಕೇಳಿದಳು.

ದೋಹಾದ ಕಥೆಗೆ ಗಡಿಯಾರದವನು ಜಗ್ಗಲಿಲ್ಲ. ಚಾಂಪಿಯನ್‌ಷಿಪ್‌ನಲ್ಲಿ ಪದಕಕ್ಕೆ ಓಡುತ್ತಾರೆ, ಸಮಯಕ್ಕಲ್ಲ, ಹೋಲಿಕೆ ತಪ್ಪು ಎಂದ. ಅದರಲ್ಲೂ ಸ್ವಲ್ಪ ಹುರುಳಿದೆ ಅನ್ನಿಸಿ ಸುಮ್ಮನಾದೆ. ಆದರೆ ನಾಲ್ಕನೆಯವಳ ನೆನಪು ಹೋದ ವಿಷಯ ಹೇಳಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಮೂರು ಕಿಲೋಮೀಟರಿನ ಸುತ್ತನ್ನು ಅವನೇ ಅಳೆದುಕೊಂಡು ಬಂದ, 2.96 ಎಂದು ಕೊರಗುತ್ತಾ.

ಮೊನ್ನೆ ಒಂಬತ್ತು ಸುತ್ತು, ಸರಾಸರಿ 7 ನಿಮಿಷ 5 ಸೆಕೆಂಡು. ಬಡಿತ 158 ದಾಟಲಿಲ್ಲ. ಏಳನೆಯ ಸುತ್ತಿನಲ್ಲಿ ಗಡಿಯಾರದವನು ನನ್ನ ಜೊತೆಗೇ ಓಡಿದ, ಕಾಲು ಹಿಡಿದಿದೆ ಎಂದು ನೆಪ ಹೇಳಿದ.

ಈಗ ಸಣ್ಣ ಪ್ರಶ್ನೆ. ಪ್ರತಿ ಸುತ್ತಿಗೂ ತಲೆಗೆ ನೀರು ಸುರಿದುಕೊಂಡರೆ ಅದು ಇಳಿದು ಕಾಲುಚೀಲ ನೆನೆದು ಬೊಬ್ಬೆ ಏಳುತ್ತಿದೆ. ನೀವೆಲ್ಲ ಏನು ಮಾಡುತ್ತೀರಿ?

ಹಳೆಯ ಬೂಟು:

ಸೊಂಟ ಬಗ್ಗಿಸಿ, ತಲೆ ಮುಂದಕ್ಕೆ ಚಾಚಿ ಸುರಿದುಕೊಳ್ಳಿ. ಪೆಟ್ಟಿಗೆಯ ಪಕ್ಕ ಇನ್ನೊಂದು ಜೊತೆ ಕಾಲುಚೀಲವೂ ಇರಲಿ.