ಗಣಪತಿ ಭಾವನ ಹುಲಿ

"ಹುಲಿ ತರಿಸಿದ್ದೇನೆ" ಎಂದ ಗಣಪತಿ ಭಾವ, ಕವಳದ ಬಟ್ಟಲು ಹತ್ತಿರ ಎಳೆದುಕೊಳ್ಳುತ್ತಾ.

ಅಡಿಕೆ ಕತ್ತರಿಸುತ್ತಿದ್ದ ಮಾಬ್ಲ ಮಾವ ಕೈ ನಿಲ್ಲಿಸಿದರು. "ಎಲ್ಲಿಂದ?"

"ಆನ್‌ಲೈನ್. ಎರಡು ಸಾವಿರದ ಎಂಟುನೂರು. ತೋಟದ ತಲೆಗೆ ಕೂರಿಸಿದ್ದೇನೆ. ಮೂರು ದಿನ ಒಂದೇ ಒಂದು ಮಂಗ ಇಲ್ಲ."

"ಇವತ್ತು ಎಷ್ಟನೇ ದಿನ?" ಪರಮಣ್ಣ ಕೇಳಿದ.

"ಐದು."

ಗಣಪತಿ ಭಾವ ಎಲೆಗೆ ಸುಣ್ಣ ಹಚ್ಚಿದ. ಹಚ್ಚಿದ ಮೇಲೆ ಮತ್ತೊಮ್ಮೆ ಹಚ್ಚಿದ.

"ಹೇಳಿಬಿಡು ಮಾರಾಯ. ಬಾಯಿ ಸುಟ್ಟುಕೊಳ್ಳಬೇಡ."

"ನಿನ್ನೆ ಹುಲಿ ತಲೆ ಮೇಲೆ ಕೂತು ನಮ್ಮದೇ ಪುಟ್ಟಬಾಳೆ ತಿಂತಾ ಇತ್ತು. ತಿಂದು ಸಿಪ್ಪೆಯನ್ನ ಹುಲಿ ಬಾಯಿಗೆ ಸಿಕ್ಕಿಸಿ ಹೋಯ್ತು."

"ನೋಡು, ಐದು ದಿನದಲ್ಲಿ ನೀನು ಆ ಹುಲಿಗೆ ಒಂದು ತುತ್ತು ಹಾಕಿದ್ದೆಯಾ? ಮಂಗ ಹಾಕಿತು. ದತ್ತು ದಿನಾ ಸಹಬಾಳ್ವೆ ಸಹಬಾಳ್ವೆ ಅಂತಾನಲ್ಲ, ಇದೇ ಇರಬೇಕು."

ದತ್ತು ಮೊಬೈಲಿನಿಂದ ತಲೆ ಎತ್ತಿದ. ಶನಿವಾರ ಬೆಂಗಳೂರಿಂದ ಬಂದು ಸೋಮವಾರ ವಾಪಸ್ ಹೋಗುವವನು. "ನಗಬೇಡಿ ಪರಮಣ್ಣ. ಅವುಗಳ ಜಾಗಕ್ಕೆ ನಾವೇ ಬಂದಿದ್ದು. ನಾವು ಹೊಂದಿಕೊಂಡು ಹೋಗಬೇಕು, ಪ್ರೀತಿಯಿಂದ."

"ನಿನ್ನ ಪ್ರೀತಿ ನೋಡಿದೆನಪ್ಪ ವಿಡಿಯೋದಲ್ಲಿ. ದೇವಿಮನೆ ಘಟ್ಟದಲ್ಲಿ ಕಾರು ನಿಲ್ಲಿಸಿ ಬಿಸ್ಕಿಟ್ ಹಾಕ್ತಾ ಇದ್ದೆ. ಬಿಸ್ಕಿಟ್ ರುಚಿ ಕಂಡ ಮಂಗ ಮತ್ತೆ ಕಾಡಲ್ಲಿ ಹಣ್ಣು ಹುಡುಕ್ತಾ ಅಲೀತದಾ? ರಸ್ತೆ ಬದಿ ಕೂತು ನಿನ್ನ ಕಾರು ಕಾಯ್ತದೆ. ಭಾನುವಾರದ ಬಿಸ್ಕಿಟ್ ನಿಂದು. ಸೋಮವಾರದಿಂದ ಶನಿವಾರದ್ದು ನಮ್ಮ ತೋಟದ್ದು."

"ಸಿಂಗಳೀಕ ನೋಡಿ ಹಾಗಾದರೆ. ಅದಕ್ಕೋಸ್ಕರ ಅಘನಾಶಿನಿ ಕಣಿವೇಲಿ 2011ರಲ್ಲೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಅಲ್ಲಿಯ ಜನ ಹೊಂದಿಕೊಂಡಿಲ್ವಾ?"

"ಸಿಂಗಳೀಕ ಮರ್ಯಾದಸ್ಥ ಪ್ರಾಣಿ ಮಾರಾಯ, ನೆಲಕ್ಕೆ ಇಳಿಯೋದೇ ಅಪರೂಪ. ಹೊಂದಿಕೊಂಡಿದ್ದು ಅದೇ. ಅದು ತಿನ್ನೋ ಉಪ್ಪಾಗೆ ಹಣ್ಣನ್ನ ನಾವು ಕೊಯ್ದು, ಒಣಗಿಸಿ, ಮಾರ್ತೇವೆ. ಯಾವತ್ತಾದರೂ ಅದು ನಮ್ಮ ಅಂಗಳಕ್ಕೆ ಬಂದು ಪಟಾಕಿ ಹೊಡೆದಿದೆಯಾ?"

ಪಟಾಕಿ ಅಂದಿದ್ದೇ ತಡ, ಗಣಪತಿ ಭಾವನಿಗೆ ಹಳೇ ಸಿಟ್ಟು ನೆನಪಾಯಿತು. "ನೀನು ಮಾತಾಡಬೇಡ. ಹೋದ ವರ್ಷ ಬೆಳಗಾಗೋದ್ರೊಳಗೆ ಪೈಪಿನ ಕೋವಿ ಢಂ ಅನಿಸ್ತಿದ್ದವ ಯಾರು? ನಿನ್ನ ತೋಟದ ಮಂಗ ಪೂರಾ ನನ್ನ ತೋಟಕ್ಕೆ ಬಂತು. ಅಡಿಕೆ ಸಿಂಗಾರ ಎಲ್ಲ ಕಿತ್ತು ಹಾಕಿದವು."

"ಹೌದು, ನಾನೇ. ನಾನು ಹೊಡೆದರೆ ನಿನ್ನ ತೋಟಕ್ಕೆ. ನೀನು ಹುಲಿ ಇಟ್ಟರೆ ಮಾವನ ತೋಟಕ್ಕೆ. ಮಾವ ಡಬ್ಬಿ ಬಡಿದರೆ ಹಳ್ಳ ದಾಟಿ ವಾಪಸ್ ನನ್ನಲ್ಲಿಗೆ. ಇದಕ್ಕೆ ಮಂಗ ಓಡಿಸೋದು ಅನ್ನೋದಿಲ್ಲ, ವಾಲಿಬಾಲ್ ಅಂತಾರೆ. ಅವಕ್ಕೆ ಒಳ್ಳೆ ವ್ಯಾಯಾಮ, ಹಸಿವೂ ಜಾಸ್ತಿ. ಅದು ಗೊತ್ತಾದ ದಿನ ಕೋವಿ ಕೊಟ್ಟಿಗೆ ಅಟ್ಟಕ್ಕೆ ಹಾಕಿದೆ."

"ಹಿಡಿಸಿ ದೂರ ಬಿಟ್ಟು ಬರಬೇಕು ಹಾಗಾದರೆ."

"ದೂರ ಅಂದರೆ ಎಲ್ಲಿ? ಅಲ್ಲಿಯೂ ಒಬ್ಬ ಗಣಪತಿ ಭಾವ ಇರ್ತಾನೆ. ಘಟ್ಟದ ಮೇಲಿನವರು ರಾತ್ರಿ ಗಾಡಿ ತುಂಬಿ ಕುಮಟೆ ಕಡೆ ಬಿಡ್ತಾರೆ, ಕೆಳಗಿನವರು ಗಾಡಿ ತುಂಬಿ ಸಿರ್ಸಿ ಕಡೆ ಬಿಡ್ತಾರೆ. ಯಾವತ್ತೋ ಒಂದು ದಿನ ತಿರುವಿನಲ್ಲಿ ಎರಡೂ ಗಾಡಿ ಎದುರುಬದುರು ಆಗ್ತವೆ ನೋಡು, ಮಂಗಗಳು ಕೈ ಬೀಸ್ತವೆ."

ಮಾಬ್ಲ ಮಾವ ನಕ್ಕು ಕೆಮ್ಮಿದರು. "ಗಲಾಟೆ ಮಾಡಿಕೊಂಡಿರಲಿ ಬಿಡ್ರೋ. ಈ ಶಿವರಾತ್ರಿ ಹೊತ್ತಲ್ಲಿ ಅವು ಸುಮ್ಮನಾದರೆ ನನಗೆ ಹೆದರಿಕೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗನ ಕಾಯಿಲೆಗೆ ಮೊದಲು ಮಂಗಗಳೇ ಬಿದ್ದಿದ್ದು, ಆಮೇಲೆ ಜನ. ಈಗಲೂ ಬೆಟ್ಟಕ್ಕೆ ಸೊಪ್ಪಿಗೆ ಹೋಗೋರು ಅದನ್ನ ಹರಡೋ ಉಣುಗು ಹತ್ತದಂತೆ ಕೈಕಾಲಿಗೆ ಎಣ್ಣೆ ಹಚ್ಚಿಕೊಂಡೇ ಹೋಗ್ತಾರೆ. ಮಂಗ ಬಾಳೆ ಕದಿಯಿತು ಅಂದರೆ ಆರಾಮಿದೆ ಅಂತಲೇ ಲೆಕ್ಕ."

"ನಮ್ಮ ಅಟ್ಟದಲ್ಲಿ ಕಬ್ಬೆಕ್ಕು ಬಂದು ಮೂರು ವರ್ಷ ಆಯ್ತು" ಎಂದ ಪರಮಣ್ಣ, ಯಾರೂ ಕೇಳದಿದ್ದರೂ. "ರಾತ್ರಿ ಒಂದೂವರೆಗೆ ಮನೆಗೆ ಬರ್ತದೆ, ಕಾಲೇಜಿಗೆ ಹೋಗೋ ಹುಡುಗರ ಹಾಗೆ. ಹಿಕ್ಕೆ ತುಂಬಾ ಬೈನೆ ಬೀಜ. ಅಂಗಳದ ಬದಿ ಎರಡು ಬೈನೆ ಸಸಿ ಎದ್ದಿದೆ. ಇಲಿಯೂ ಕಡಿಮೆ. ಓಡಿಸೋಣ ಅಂತ ಆ ಕೀಂ ಅನ್ನೋ ಮಷಿನ್ ತಂದು ಇಟ್ಟೆ. ಕಬ್ಬೆಕ್ಕು ಅದಕ್ಕೇ ಒರಗಿಕೊಂಡು ಮಲಗಿತು, ಬೆಚ್ಚಗಿರ್ತದಲ್ಲ. ಓಡಿ ಹೋದದ್ದು ನಮ್ಮ ನಾಯಿ."

"ಒಟ್ಟಿನಲ್ಲಿ ಯಾವುದೂ ಕೆಲಸ ಮಾಡೋದಿಲ್ಲ ಅಂತೀಯಾ?"

"ಒಂದು ಮಾಡ್ತಿತ್ತು. ಮಕ್ಕಳು. ರಜೆ ಬಂತು ಅಂದರೆ ನಾವು ಹದಿನೈದಿಪ್ಪತ್ತು ಹುಡುಗರು, ಕವಣೆ ಹಿಡಿದು ಬೆಳಗಿಂದ ಸಂಜೆವರೆಗೆ ತೋಟದಲ್ಲೇ. ಯಾವ ಮಂಗ ಇಳೀತದೆ? ಈಗ ಊರಲ್ಲಿ ಓಡುವ ಕಾಲು ಇರೋದು ಮಂಗಕ್ಕೆ ಮಾತ್ರ."

ಸ್ವಲ್ಪ ಹೊತ್ತು ಅಡಕತ್ತರಿಯ ಸದ್ದು ಅಷ್ಟೇ. ಆಮೇಲೆ ಗಣಪತಿ ಭಾವನೇ ಶುರು ಮಾಡಿದ. "ಮಾವ, ನೀವು ತೋಟದಲ್ಲಿ ಸ್ಪೀಕರ್ ಕಟ್ಟಿದ್ದೀರಲ್ಲ, ನಾಲ್ಕು ಗಂಟೆಗೆ ಕೂಗ್ತದೆ, ಅದು ಹೇಗೆ? ಕೆಲಸ ಮಾಡೋದಾದರೆ ನಾನೂ ತರಿಸ್ತೇನೆ."

"ಎಂತ ಕೆಲಸ? ಮೊದಲ ವಾರ ಓಡಿದವು. ಈಗ ಅದರ ಬುಡದಲ್ಲೇ ಕೂತು ಹೇನು ಹೆಕ್ತವೆ."

"ಮತ್ತೆ ದಿನಾ ಚಾರ್ಜ್ ಮಾಡಿ ಕಟ್ಟಿ ಬರೋದು ಯಾಕೆ?"

ಮಾವ ಅಡಿಕೆ ಹೋಳನ್ನು ಬೆಳಕಿಗೆ ಹಿಡಿದು ನೋಡಿದರು. ಒಳ್ಳೆಯದೇ ಇತ್ತು, ಆದರೂ ನೋಡಿದರು. "ಅದು ನಮ್ಮ ಮಗ ಕೂಗಿದ್ದು. 2020ರಲ್ಲಿ ನಾಲ್ಕು ತಿಂಗಳು ಮನೆಯಲ್ಲೇ ಇದ್ದನಲ್ಲ, ಆಗ ರೆಕಾರ್ಡ್ ಮಾಡಿಟ್ಟು ಹೋದ."

ಅಷ್ಟರಲ್ಲಿ ಕೆಳಗಿನ ತೋಟದಿಂದ ಶುರುವಾಯಿತು. ಹೋಯ್! ಹೋಯ್ ಹೋಯ್! ಹೋ... ಗಂಟಲು ಹರಿಯುವ ಹಾಗೆ. ಕೊನೆಗೆ ಅದೇ ಗಂಟಲು ಇಳಿಸಿ, "ಆಯೀ, ಚಾ ಆತಾ?"

"ಅದೊಂದು ಸೇರಿಕೊಂಡುಬಿಟ್ಟಿದೆ" ಎಂದರು ಮಾವ. "ಅಳಿಸೋದು ಹೇಗೆ ಅಂತ ನನಗೆ ಗೊತ್ತಿಲ್ಲ."

ದತ್ತು ಬಾಯಿ ತೆರೆದ, ಎರಡು ನಿಮಿಷದ ಕೆಲಸ ಅಂತ ಹೇಳಲಿಕ್ಕೇ ಇರಬೇಕು. ಪರಮಣ್ಣ ಅವನ ಕೈಗೆ ಒಂದು ಕವಳ ಇಟ್ಟ.

"ಆತು, ಆತು" ಎಂದು ಒಳಗಿಂದ ಉತ್ತರ ಬಂತು. ಅತ್ತೆ ಚಾ ತಂದು ಇಟ್ಟರು.

"ಮಾವ, ಹುಲಿ ಬೇಕಾ?" ಎಂದ ಗಣಪತಿ ಭಾವ. "ಅರ್ಧ ರೇಟಿಗೆ ಕೊಡ್ತೇನೆ."

ಕೆಳಗೆ ಏನೋ ದಪ್ ಎಂದು ಬಿತ್ತು. ಬಾಳೆಗೊನೆಯೇ. ಯಾರೂ ಏಳಲಿಲ್ಲ, ಚಾ ಬಿಸಿ ಇತ್ತು.