ದೇವಿಮನೆ ಘಟ್ಟದಲ್ಲಿ ಕಾರು ಗುದ್ದಿದ್ರೆ ಮೊದಲು ಫೋನಲ್ಲ

ಹಾಂ, ಕೇಳ್ತದಾ? ಬೆಳಿಗ್ಗೆ ಗ್ರೂಪಲ್ಲಿ ಕೇಳಿದ್ರಲ್ಲ, ಮಗಳು ಹೊಸ ಕಾರಲ್ಲಿ ಪ್ರತಿ ಶನಿವಾರ ಶಿರಸಿಯಿಂದ ಕುಮಟೆಗೆ ಇಳೀತಾಳೆ, ನಡುವಿನ ದೇವಿಮನೆ ಘಟ್ಟದಲ್ಲಿ ಆಕ್ಸಿಡೆಂಟಾದ್ರೆ ಮೊದಲು ಯಾರಿಗೆ ಫೋನ್ ಮಾಡ್ಬೇಕು ಅಂತ. ಟೈಪ್ ಮಾಡಿ ಮುಗಿಯೋ ವಿಷಯ ಅಲ್ಲ, ಅದ್ಕೇ ಮಾತಾಡ್ತಿದ್ದೇನೆ.

ಮೊದಲು ಫೋನಲ್ಲ, ಮೊದಲು ಹಿಂದಿನಿಂದ ಬರೋ ಗಾಡಿ ನಿಲ್ಬೇಕು. ಘಟ್ಟದಲ್ಲಿ ಮೊದಲ್ನೇ ಗುದ್ದಿಗಿಂತ ಎರಡನೇದು ಜೋರು. ತಿರುವಿನ ಆಚೆ ನಿಂತ ಕಾರು ಮೇಲಿಂದ ಇಳಿಯೋ ಲಾರಿಯವನಿಗೆ ಕಾಣೋದೇ ಇಲ್ಲ. 50ರ ಸ್ಪೀಡಲ್ಲಿ ಗಾಡಿ ಸೆಕೆಂಡಿಗೆ ಹತ್ತತ್ರ 14 ಮೀಟರ್ ಹೋಗ್ತದೆ. ಅವನ ಕಾಲು ಬ್ರೇಕಿಗೆ ಮುಟ್ಟೋದ್ರೊಳಗೇ ಅಷ್ಟು ಹೋಯ್ತು. ಅದರ ಮೇಲೆ ಒದ್ದೆ ರೋಡು, ಲೋಡು, ಇಳಿಜಾರು, ಮಂಜು.

ಹಾಗಾಗಿ ಗಾಡಿ ಆಫ್ ಮಾಡಿ, ನಾಲ್ಕೂ ಇಂಡಿಕೇಟರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೀರಿ. ಕೆಳಮುಖ ನಿಂತಿದ್ರೆ ರಿವರ್ಸ್ ಗೇರಲ್ಲಿ ಬಿಡಿ, ಮುಂದಿನ ಚಕ್ರದ ಎದುರಿಗೆ ಎರಡು ಕಲ್ಲು ಕೊಡಿ. ಆಮೇಲೆ ಕೆಂಪು ತ್ರಿಕೋನ, ಹಿಂದಿನಿಂದ ಬರೋರಿಗೆ ಎಚ್ಚರಿಕೆಗೆ ರೋಡಲ್ಲಿ ನಿಲ್ಸೋದು. ಎಲ್ರೂ ತಪ್ಪೋದು ಇಲ್ಲೇ, ಕಾರಿನ ಬೆನ್ನಿಗೇ ಹತ್ತು ಹೆಜ್ಜೆಯಲ್ಲಿ ಇಟ್ಬಿಡ್ತಾರೆ. ಕಡಿಮೆ ಅಂದ್ರೂ 50 ಮೀಟರ್ ದೂರ ಬೇಕು, ಅಂದ್ರೆ 65-70 ಹೆಜ್ಜೆ. ನಡುವೆ ತಿರುವಿದ್ರೆ ಲೆಕ್ಕ ಬಿಡಿ, ತಿರುವು ಶುರುವಾಗೋಕೆ ಮೊದಲೇ ಕಾಣೋ ಹಾಗೆ ಇಡ್ಬೇಕು. ಬಸ್ಸು ಹೋದ ಗಾಳಿಗೆ ಅದು ಮಗುಚಿ ಬೀಳ್ತದೆ, ಅದರ ಕಾಲಿನ ಮೇಲೆ ಕಲ್ಲು ಹೇರಿ. ತ್ರಿಕೋನ ಇಲ್ದಿದ್ರೆ ನಮ್ಮ ಕಡೆಯ ಹಳೇ ಪದ್ಧತಿ ಉಂಟಲ್ಲ, ಸೊಪ್ಪಿನ ಟೊಂಗೆ ಮುರಿದು ಹಾಕೋದು, ಅದೂ ಆಗ್ತದೆ. ಆದ್ರೆ ಕಾರು ತೆಗೆದ್ಮೇಲೆ ಟೊಂಗೆ ಕಲ್ಲು ಅಲ್ಲೇ ಬಿಟ್ಟು ಬರ್ಬೇಡಿ ಮಾರಾಯ್ರೆ, ರಾತ್ರಿ ಬೈಕಿನವ ಅದಕ್ಕೇ ಬೀಳ್ತಾನೆ.

ಇಳಿದವ್ರು ಕಾರಿನ ಕೆಳಗಿನ ದಿಕ್ಕಿಗೆ ನಿಲ್ಬಾರ್ದು, ಲಾರಿ ಗುದ್ದಿದ್ರೆ ಕಾರು ಆ ಕಡೆಗೇ ಬರೋದು. ಮೇಲ್ಗಡೆಗೆ, ರೋಡು ಬಿಟ್ಟು ನಿಲ್ಲಿ. ಮಳೆಗಾಲದಲ್ಲಿ ಧರೆಯ, ಅಂದ್ರೆ ರೋಡಿಗೆ ಗುಡ್ಡ ಕಡಿದ ಮಣ್ಣಿನ ಗೋಡೆಯ, ಬುಡವೂ ಬೇಡ. 2024ರ ಜುಲೈನಲ್ಲಿ ಶಿರೂರಲ್ಲಿ ಗುಡ್ಡ ಕುಸಿದದ್ದು ನೋಡಿದ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಈಗ ಫೋನು. 112 ಹೊಡೀರಿ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ದಿದ್ರೂ ಬೇರೆ ಕಂಪನಿಯ ಟವರ್ ಸಿಕ್ರೆ ಅದು ಹೋಗ್ತದೆ. ಆಂಬುಲೆನ್ಸಿಗೆ 108. "ದೇವಿಮನೆ ಹತ್ರ" ಅಂದ್ರೆ ಯಾರಿಗೂ ಗೊತ್ತಾಗೋದಿಲ್ಲ. ಕಿಲೋಮೀಟರ್ ಕಲ್ಲಿನ ನಂಬರ್ ಓದಿ, ಹತ್ತೋ ಕಡೆಯೋ ಇಳಿಯೋ ಕಡೆಯೋ ಹೇಳಿ, ಎಷ್ಟು ಜನಕ್ಕೆ ಪೆಟ್ಟಾಗಿದೆ ಹೇಳಿ. ಯಾವ ಟವರೂ ಇಲ್ವಾ? ಇದನ್ನೇ ಚೀಟಿಯಲ್ಲಿ ಬರೆದು ಕೆಳಗೆ ಕುಮಟೆ ದಿಕ್ಕಿನ ಕತಗಾಲ ಕಡೆ ಹೋಗೋ ಒಬ್ಬರಿಗೆ, ಮೇಲೆ ಶಿರಸಿ ದಿಕ್ಕಿನ ರಾಗಿಹೊಸಳ್ಳಿ ಕಡೆ ಹೋಗೋ ಇನ್ನೊಬ್ಬರಿಗೆ ಕೊಡಿ. ಬಸ್ಸು ಬಂದ್ರೆ ಕಂಡಕ್ಟರ್ ಕೈಗೇ ಕೊಡಿ. ಬಾಯಲ್ಲಿ ಹೇಳಿದ್ದು ಘಟ್ಟ ಇಳಿಯೋದ್ರೊಳಗೆ ಅರ್ಧ ಆಗ್ತದೆ.

ಪೆಟ್ಟಾದವ್ರನ್ನ ಎಳೆದಾಡ್ಬೇಡಿ. ಬೆಂಕಿ, ನೀರು ಅಥವಾ ಇನ್ನೊಂದು ಗಾಡಿ ಗುದ್ದೋ ಭಯ ಇದ್ರೆ ಮಾತ್ರ ಹೊರಗೆ ತೆಗೀರಿ. ಏರ್‌ಬ್ಯಾಗ್ ಬಿಚ್ಚಿದಾಗ ಬರೋ ಬಿಳಿ ಪುಡಿ ನೋಡಿ ಬೆಂಕಿ ಅಂತ ಹೆದರ್ಬೇಡಿ. ಸೀಟಲ್ಲೇ ಎಚ್ಚರ ತಪ್ಪಿದವರ ತಲೆ ಎದೆಗೆ ಬಾಗಿದ್ರೆ ಉಸಿರು ಕಟ್ತದೆ. ಹಿಂದಿನ ಸೀಟಿಂದ ಎರಡೂ ಕೈಯಲ್ಲಿ ತಲೆ ಹಿಡಿದು ಮೆಲ್ಲ ನೆಟ್ಟಗೆ ಮಾಡಿ, ಹಾಗೇ ಹಿಡ್ಕೊಂಡಿರಿ. ರಕ್ತ ಸುರಿಯೋ ಕಡೆ ಶುಭ್ರ ಬಟ್ಟೆ ಇಟ್ಟು ಹತ್ತು ನಿಮಿಷ ಒತ್ತಿ. ನಿಂತ್ತಾ ಅಂತ ಎತ್ತಿ ಎತ್ತಿ ನೋಡಿದ್ರೆ ಹೆಪ್ಪು ಕಿತ್ತು ಮತ್ತೆ ಶುರು. ಬಟ್ಟೆ ನೆನೆದ್ರೆ ಅದರ ಮೇಲೇ ಇನ್ನೊಂದು. ಕುಡಿಯೋಕೆ ನೀರು, ಎಳನೀರು ಏನೂ ಬೇಡ, ಆಪರೇಷನ್ ಬೇಕಾದ್ರೆ ತೊಂದ್ರೆ. ಸಹಾಯಕ್ಕೆ ನಿಂತವ್ರು ಪೊಲೀಸ್ ಕೇಸಿಗೆ ಹೆದರ್ಬೇಕಾಗಿಲ್ಲ, ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರನ್ನ ಕಾಯ್ತದೆ, ಹೆಸರು ಹೇಳ್ಲೇಬೇಕು ಅಂತಲೂ ಇಲ್ಲ. ಪೊಲೀಸರಿಗೆ ತಿಳಿಸೋದು ಮಾತ್ರ ಬಿಡ್ಬೇಡಿ. 2025ರ ಮೇಯಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಸ್ಕೀಮ್ ಉಂಟು, 7 ದಿನ, ಒಬ್ಬರಿಗೆ 1.5 ಲಕ್ಷದವರೆಗೆ, ಸ್ಕೀಮಿಗೆ ಸೇರಿದ ಆಸ್ಪತ್ರೆಯಲ್ಲಿ. ಅದಕ್ಕೆ ಪೊಲೀಸ್ ದಾಖಲೆ ಬೇಕು.

ಯಾರಿಗೂ ಪೆಟ್ಟಿಲ್ಲ, ಬಂಪರ್ ಮಾತ್ರ ಹೋಗಿದೆ ಅಂದ್ರೆ ನಂಬರ್ ಪ್ಲೇಟು, ಟೈರಿನ ಗುರುತು, ಕಿಲೋಮೀಟರ್ ಕಲ್ಲು ಬರೋ ಹಾಗೆ ಫೋಟೋ ತೆಗೆದು ಬದಿಗೆ ಹಾಕಿ. ಸ್ಟಾರ್ಟ್ ಮಾಡೋಕೆ ಮೊದಲು ಬಗ್ಗಿ ಅಡಿಗೆ ನೋಡಿ. ಕಪ್ಪು ಎಣ್ಣೆ ಬಿದ್ದಿದ್ರೆ ಸಂಪ್, ಅಂದ್ರೆ ಎಂಜಿನ್ ಅಡಿಯ ಎಣ್ಣೆ ತೊಟ್ಟಿ ಒಡೆದಿದೆ, ಹಸಿರೋ ಗುಲಾಬಿಯೋ ನೀರಾದ್ರೆ ಎಂಜಿನ್ ತಣ್ಣಗಿಡೋ ಕೂಲಂಟ್. ಎರಡರಲ್ಲಿ ಯಾವುದಿದ್ರೂ ಕೀ ತಿರುಗಿಸ್ಬೇಡಿ, ತಳ್ಳಿ ಬದಿಗೆ ಹಾಕಿ. ಒಡೆದ ಸಂಪಿಗೆ ಇನ್ಶೂರೆನ್ಸ್ ಬರ್ತದೆ, ಎಣ್ಣೆ ಇಲ್ದೆ ಓಡಿಸಿ ಎಂಜಿನ್ ಸೀಜ್ ಮಾಡ್ಕೊಂಡಿದ್ದಕ್ಕೆ ಸಾಮಾನ್ಯವಾಗಿ ಬರೋದಿಲ್ಲ. ಯಾರಿಗಾದ್ರೂ ಪೆಟ್ಟಾಗಿದ್ರೆ ಅಲ್ಲೇ ದುಡ್ಡು ಕೊಟ್ಟು ರಾಜಿ ಬೇಡವೇ ಬೇಡ. ನಾಳೆ ಅವರು ಕೋರ್ಟಿಗೆ ಹೋದಾಗ ಇನ್ಶೂರೆನ್ಸ್ ಕಂಪನಿ "ನಮಗೆ ತಿಳಿಸ್ಲೇ ಇಲ್ಲ" ಅಂತ ಕೂತ್ಕೊಳ್ತದೆ.

ಕಾರಲ್ಲಿ ಇರ್ಬೇಕಾದ್ದು ಜಾಸ್ತಿ ಇಲ್ಲ. ಟಾರ್ಚು, ಮಿಂಚೋ ಜಾಕೆಟ್, ಎರಡು ತೊಳೆದ ಪಂಚೆ, ಪೆನ್ನು ಕಾಗದ, ಗಾಜು ಒಡೆಯೋ ಸುತ್ತಿಗೆ. ಸುತ್ತಿಗೆ ಡ್ರೈವರ್ ಕೈಗೆ ಸಿಗೋ ಹಾಗಿರ್ಲಿ, ಹೊಡೆಯೋದು ಪಕ್ಕದ ಗಾಜಿನ ಮೂಲೆಗೆ; ಎದುರಿನ ಗಾಜು ಬಿರುಕು ಬಿಡ್ತದೆ, ಒಡೆಯೋದಿಲ್ಲ. ತ್ರಿಕೋನ ಕಾರಿನ ಜೊತೆಗೇ ಬಂದಿರ್ತದೆ, ಆದ್ರೆ ಡಿಕ್ಕಿಯ ಮ್ಯಾಟಿನ ಅಡಿಗೆ, ಅದರ ಮೇಲೆ ಊರಿಂದ ಹೇರಿದ ತೆಂಗಿನಕಾಯಿ ಚೀಲ. ಮಗಳ ಹತ್ರ ಇವತ್ತೇ ಹುಡುಕ್ಸಿ, ಸೀಟಿನಡಿಗೆ ಇಡ್ಸಿ, ಒಂದ್ಸಲ ಬಿಚ್ಚಿ ನಿಲ್ಸಿ ಗ್ರೂಪಿಗೆ ಫೋಟೋ ಹಾಕ್ಲಿ.