ಸಹಾಯ ಬೇಕು: ರೂಟರ್ ಪ್ಯಾನೆಲ್‌ನಲ್ಲಿ ವಿಡಿಯೊ ಬದಲಾಗುತ್ತದೆ, ಆಡಿಯೊ ಬದಲಾಗುತ್ತಿಲ್ಲ

ನಮಸ್ಕಾರ. ನಮ್ಮ ಸ್ಟುಡಿಯೊದಲ್ಲಿ 32×32 ಎಸ್‌ಡಿಐ ರೂಟರ್ ಇದೆ (32 ಇನ್‌ಪುಟ್‌ಗಳಲ್ಲಿ ಬೇಕಾದ್ದನ್ನು 32 ಔಟ್‌ಪುಟ್‌ಗಳಿಗೆ ಕಳಿಸುವ ಡಿಜಿಟಲ್ ವಿಡಿಯೊ ಉಪಕರಣ). ವಿಡಿಯೊ ಒಂದು ಲೆವೆಲ್ (ಬೇರೆಯಾಗಿ ಬದಲಿಸಬಹುದಾದ ಸಿಗ್ನಲ್ ಪದರ), ಎಇಎಸ್ ಆಡಿಯೊ (ಡಿಜಿಟಲ್ ಧ್ವನಿ) ಇನ್ನೊಂದು ಲೆವೆಲ್. ಪ್ಯಾನೆಲ್‌ನಲ್ಲಿ ಮೊದಲು ಡೆಸ್ಟಿನೇಶನ್ (ಔಟ್‌ಪುಟ್), ಆಮೇಲೆ ಸೋರ್ಸ್ (ಇನ್‌ಪುಟ್) ಒತ್ತಿ, ಕೊನೆಗೆ ಬದಲಾವಣೆ ಜಾರಿಗೊಳಿಸುವ ಟೇಕ್ ಒತ್ತುತ್ತೇನೆ. ಎರಡೂ ಲೆವೆಲ್ ಬಟನ್ ಉರಿಯುತ್ತಿರುತ್ತವೆ. ಆದರೂ 7ನೇ ಡೆಸ್ಟಿನೇಶನ್‌ನಲ್ಲಿ ಮಾತ್ರ ಚಿತ್ರ ಬದಲಾಗಿ, ಹಳೆಯ ಸೋರ್ಸ್‌ನ ಧ್ವನಿಯೇ ಉಳಿಯುತ್ತದೆ. ಬೇರೆ ಡೆಸ್ಟಿನೇಶನ್‌ಗಳೆಲ್ಲ ಸರಿ ಇವೆ, ಹಾಗಾಗಿ ಕೇಬಲ್ ಮೇಲೆ ನನಗೆ ಅನುಮಾನ ಇಲ್ಲ.

ಬೇರೆ ಪ್ಯಾನೆಲ್‌ನಿಂದ ಯಾರೋ ಆಡಿಯೊ ಲೆವೆಲ್ ಮಾತ್ರ ಪ್ರೊಟೆಕ್ಟ್ (ಬೇರೆಯವರು ಬದಲಿಸದಂತೆ ಲಾಕ್) ಮಾಡಿರಬಹುದು, ಅಲ್ವಾ? ಹಾಗಿದ್ದರೆ ಯಾವ ಪ್ಯಾನೆಲ್ ಅಂತ ಹುಡುಕುವುದು ಹೇಗೆ? ನೇರ ಪ್ರಸಾರ ನಡೆಯುತ್ತಿರುತ್ತದೆ, ಹಾಗಾಗಿ ಫ್ರೇಮ್ (ರೂಟರ್‌ನ ಮುಖ್ಯ ಪೆಟ್ಟಿಗೆ) ರೀಸ್ಟಾರ್ಟ್ ಮಾಡಲು ಆಗುವುದಿಲ್ಲ. ಗೊತ್ತಿರುವವರು ದಯವಿಟ್ಟು ತಿಳಿಸಿ.